ಉಳಿತಾಯ ಕಲಿತವರು ವ್ಯಾಪಾರವನ್ನೂ ಕಲಿಯಲಿ

ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದದ್ದು 2000–01ರಲ್ಲಿ. ಅದಕ್ಕೂ ಮುನ್ನ, 1992ರಲ್ಲಿ, ನಬಾರ್ಡ್ ದೇಶದ 500 ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಕಾರ್ಯಕ್ರಮವನ್ನು ಕೈಗೊಂಡಿತ್ತು. ಗ್ರಾಮೀಣ ಮಹಿಳೆ ಸಾಲಕ್ಕೆ ಅರ್ಹಳಲ್ಲ ಎಂಬ ಪೂರ್ವಗ್ರಹವನ್ನು ಈ ಸಂಘಗಳು ಬಹುಮಟ್ಟಿಗೆ ಹೋಗಲಾಡಿಸಿದವು. ವಾರದ ಉಳಿತಾಯ, ನಡಾವಳಿ ಪುಸ್ತಕ, ಕಂತಿನ ಮರುಪಾವತಿ ಇವೆಲ್ಲ ಈಗ ಸಂಘದ ಸದಸ್ಯೆಯರಿಗೆ ಕರತಲಾಮಲಕ. ಆದರೆ ಸಾಲ ತೀರಿಸುವ ಶಿಸ್ತು ಬೇರೆ, ಲಾಭ ಗಳಿಸುವ ವಿದ್ಯೆ ಬೇರೆ. ಮೊದಲನೆಯದಕ್ಕೆ ಕೊಟ್ಟ ಗಮನವನ್ನು ಎರಡನೆಯದಕ್ಕೆ ನಾವು ಕೊಟ್ಟಿಲ್ಲ.

ಒಂದು ಸರಳ ಲೆಕ್ಕ ನೋಡೋಣ. ತಮ್ಮ ಹೊಲದ ಶೇಂಗಾದಿಂದ ಇಬ್ಬರು ಮಹಿಳೆಯರು 10 ಕಿಲೊ ಚಟ್ನಿಪುಡಿ ತಯಾರಿಸುತ್ತಾರೆ ಎನ್ನಿ. ಶೇಂಗಾ, ಮೆಣಸಿನಕಾಯಿ ಮುಂತಾದ ಸಾಮಗ್ರಿಗೆ 1,600 ರೂಪಾಯಿ. ಪೊಟ್ಟಣ ಹಾಗೂ ಬಸ್ ಚಾರ್ಜಿಗೆ 300 ರೂಪಾಯಿ. ಕಿಲೊಗೆ 250ರಂತೆ ಮಾರಿದರೆ 2,500 ರೂಪಾಯಿ ಬರುತ್ತದೆ. 600 ರೂಪಾಯಿ ಲಾಭವೆಂದು ಸಂಘದ ಪುಸ್ತಕ ಹೇಳುತ್ತದೆ. ಆದರೆ ಇಬ್ಬರೂ ಒಂದೂವರೆ ದಿನ ದುಡಿದಿದ್ದಾರೆ. 2025–26ರಲ್ಲಿ ರಾಜ್ಯದಲ್ಲಿದ್ದ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿಯನ್ನೇ ಹಿಡಿದರೂ ಮೂರು ಆಳುದಿನಗಳಿಗೆ 1,110 ರೂಪಾಯಿ ಆಗುತ್ತದೆ. ಲಾಭವೆಂದು ಕಂಡದ್ದು ವಾಸ್ತವದಲ್ಲಿ 510 ರೂಪಾಯಿ ನಷ್ಟ. ಆ ನಷ್ಟವನ್ನು ಅವರ ಮೈಮುರಿಯುವ ದುಡಿಮೆ ಮುಚ್ಚಿಹಾಕಿದೆ, ಅಷ್ಟೆ.

ಕುಟುಂಬದ ದುಡಿಮೆಗೂ ಬೆಲೆ ಕಟ್ಟಬೇಕೆಂಬುದು ಹೊಸ ವಾದವಲ್ಲ. ಬೆಂಬಲ ಬೆಲೆಯನ್ನು ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಕುಟುಂಬದವರ ಶ್ರಮವನ್ನು ಉತ್ಪಾದನಾ ವೆಚ್ಚದಲ್ಲಿ ಸೇರಿಸಿಯೇ ಲೆಕ್ಕ ಹಾಕುತ್ತದೆ. ದೆಹಲಿಯ ಅರ್ಥಶಾಸ್ತ್ರಜ್ಞರು ಒಪ್ಪಿರುವ ಈ ತತ್ತ್ವ ಹಳ್ಳಿಯ ಸಂಘದ ಪುಸ್ತಕಕ್ಕೆ ಇಳಿಯಬೇಕು. ವ್ಯವಹಾರ ಶಿಕ್ಷಣದ ಮೊದಲ ಪಾಠ ಇದೇ ಆಗಬೇಕು.

ಕಲಿಸುವ ಸ್ಥಳ, ಸಮಯಗಳ ಪ್ರಶ್ನೆಯೂ ಇದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟಿ ಸ್ವಉದ್ಯೋಗ ತರಬೇತಿಯಲ್ಲಿ ದೇಶಕ್ಕೇ ಮಾದರಿಯಾಯಿತು. ಅದರ ಜಾಡಿನಲ್ಲಿ ಜಿಲ್ಲೆಗಳಲ್ಲಿ ತರಬೇತಿ ಸಂಸ್ಥೆಗಳು ತಲೆಯೆತ್ತಿದವು. ಅಲ್ಲಿನ ಉಚಿತ ವಸತಿ ಸಹಿತ ತರಬೇತಿ ನಿರುದ್ಯೋಗಿ ಯುವಜನರಿಗೆ ವರದಾನವೇ ಸರಿ. ಆದರೆ ಬೆಳಿಗ್ಗೆ ಸಂಜೆ ಹಾಲು ಕರೆಯಬೇಕಾದ ಮಹಿಳೆ ಹತ್ತು ದಿನ ಕೊಟ್ಟಿಗೆ ಬಿಟ್ಟು ಬರುವುದೆಂತು? ಇದಕ್ಕೆ ಉತ್ತರ ನಮ್ಮ ಊರುಗಳಲ್ಲೇ ಇದೆ. ಡೇರಿಗೆ ಹಾಲು ಹಾಕುವಾಕೆ ಅಳತೆ ನೋಡುತ್ತಾಳೆ, ಕೊಬ್ಬಿನಂಶ ಇಳಿದರೆ ದರವೂ ಇಳಿಯುವುದನ್ನು ಕಾಣುತ್ತಾಳೆ, ಮರುದಿನ ಮೇವು ಬದಲಿಸುತ್ತಾಳೆ. ಗುಣಮಟ್ಟಕ್ಕೂ ಬೆಲೆಗೂ ಇರುವ ಸಂಬಂಧವನ್ನು ಅವಳಿಗೆ ಕಲಿಸಿದ್ದು ನಿತ್ಯದ ವಹಿವಾಟು. ತರಕಾರಿಗೂ ಕಾಳುಕಡಿಗೂ ಇಂಥ ಕಲಿಕೆ ಸಂತೆಯಲ್ಲಿ, ಎಪಿಎಂಸಿ ಅಂಗಳದಲ್ಲಿ, ತೂಕದ ಯಂತ್ರದ ಮುಂದೆ ನಡೆಯಬೇಕು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. 2025–26ರ ಹಂಗಾಮಿಗೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ ಬೆಂಬಲ ಬೆಲೆ ನಿಗದಿಯಾಯಿತು. ಖರೀದಿ ಕೇಂದ್ರದಲ್ಲಿ ಮಾರಲು ‘ಫ್ರೂಟ್ಸ್’ ನೋಂದಣಿ ಬೇಕು. ಆ ನೋಂದಣಿಗೆ ಆಧಾರ ಪಹಣಿ. 2015–16ರ ಕೃಷಿ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು ಸುಮಾರು ಶೇ 14 ಮಾತ್ರ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂದರೂ ಅನೇಕ ಮನೆಗಳಲ್ಲಿ ಅದು ಪಹಣಿಯವರೆಗೆ ತಲುಪಿಲ್ಲ. ಬಿತ್ತಿ, ಕಳೆ ಕಿತ್ತು, ಕೊಯ್ದವಳು ಮಾರುವ ಹೊತ್ತಿಗೆ ರೈತಳೇ ಅಲ್ಲ ಎಂದಾಗುತ್ತದೆ. ಯಾವ ತರಬೇತಿಯೂ ಈ ಕೊರತೆಯನ್ನು ತುಂಬಲಾರದು. ವ್ಯವಹಾರ ಜ್ಞಾನದ ಹೆಸರಿನಲ್ಲಿ ಹಕ್ಕಿನ ಪ್ರಶ್ನೆಯನ್ನು ಬದಿಗೆ ಸರಿಸಬಾರದು.

ಆಶಾದಾಯಕ ನಿದರ್ಶನಗಳೂ ಇವೆ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಗೆ ಪಾತ್ರವಾಯಿತು. ಸಿರಿಧಾನ್ಯದ ಬೀಜ ಕಾಪಾಡಿದ ಆ ಮಹಿಳೆಯರು ಅಷ್ಟಕ್ಕೇ ನಿಲ್ಲದೆ ಧಾನ್ಯ ಸಂಸ್ಕರಣ ಘಟಕವನ್ನೂ ನಡೆಸುತ್ತಿದ್ದಾರೆ. ಬೀಜದಿಂದ ಮಾರಾಟದವರೆಗಿನ ಕೊಂಡಿಗಳು ಒಂದೇ ಕೈಯಲ್ಲಿದ್ದಾಗ ಮೌಲ್ಯವೂ ಆ ಕೈಯಲ್ಲೇ ಉಳಿಯುತ್ತದೆ.

ಆಡಳಿತ ಸೇವೆಯಲ್ಲಿದ್ದವನಾಗಿ ನಾನು ಬಲ್ಲೆ: ತರಬೇತಿಯ ಯಶಸ್ಸನ್ನು ನಮ್ಮ ಕಡತಗಳು ಹಾಜರಾದವರ ಸಂಖ್ಯೆಯಿಂದ ಅಳೆಯುತ್ತವೆ. ಒಂದು ವರ್ಷದ ಬಳಿಕ ಎಷ್ಟು ಮಂದಿ ತಮ್ಮ ಕೂಲಿಯನ್ನೂ ಸೇರಿಸಿ ದರ ನಿಗದಿ ಮಾಡುತ್ತಿದ್ದಾರೆ, ಎಷ್ಟು ಮಂದಿಯ ಹೆಸರು ಪಹಣಿಗೆ ಸೇರಿತು, ಮಾರಾಟದ ಹಣ ಯಾರ ಖಾತೆಗೆ ಬಂತು ಎಂಬುದೇ ಮಾನದಂಡವಾಗಲಿ. ಈ ಮೂರು ಅಂಕಣಗಳನ್ನು ವರದಿಯ ನಮೂನೆಗೆ ಸೇರಿಸಲು ಸರ್ಕಾರಕ್ಕೆ ಹೆಚ್ಚಿನ ಅನುದಾನವೇನೂ ಬೇಕಿಲ್ಲ, ಇಚ್ಛಾಶಕ್ತಿ ಬೇಕು.