ರವದಿಯೂ ಗ್ಯಾಸೂ
ಸಾಂಗಲಿ, ಮಿರಜ ಕಡೆ ಕಬ್ಬು ಕಟಾವಾದ ಹೊಲದಲ್ಲಿ ರವದಿಗೆ, ಅಂದರೆ ಒಣಗಿದ ಗರಿಗೆ, ಬೆಂಕಿ ಹಚ್ಚುವುದನ್ನು ಕಂಡವರು ಕೇಳುವುದು ಒಂದೇ ಪ್ರಶ್ನೆ: ಇದರಿಂದ ಗ್ಯಾಸ್ ಮಾಡಬಾರದೇ? ಮಾಡಬಹುದು, ಆದರೆ ಕಸ ಎಷ್ಟು ಟನ್ ಬಿದ್ದಿದೆ ಎನ್ನುವುದಕ್ಕಿಂತ ಬ್ಯಾಕ್ಟೀರಿಯಾಗಳಿಗೆ ಎಷ್ಟು ಅರಗುತ್ತದೆ ಎನ್ನುವುದು ಮುಖ್ಯ. ಅವಕ್ಕೆ ಚೆನ್ನಾಗಿ ಅರಗಬೇಕಾದರೆ ಇಂಗಾಲ 25–30 ಪಾಲಿದ್ದರೆ ಸಾರಜನಕ 1 ಪಾಲಿರಬೇಕು. ಸೆಗಣಿ ಹೆಚ್ಚುಕಡಿಮೆ ಅಷ್ಟಿರುತ್ತದೆ. ರವದಿಯಲ್ಲಿ ಸಾರಜನಕ ತೀರಾ ಕಡಿಮೆ, ಮೇಲೆ ಲಿಗ್ನಿನ್ ಎಂಬ ಗಟ್ಟಿ ನಾರಿನ ಕಾಟ. ಕತ್ತರಿಸದೆ, ನೆನೆಸದೆ, ಸೆಗಣಿ ಬೆರೆಸದೆ ಸುರಿದರೆ ಗ್ಯಾಸಿನ ತೊಟ್ಟಿಯಲ್ಲಿ ತೇಲಿ ಹೆಪ್ಪುಗಟ್ಟುತ್ತದೆ. ಪುಣೆಯ ಆನಂದ ಕರ್ವೆಯವರ ಸಂಸ್ಥೆಗೆ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಎರಡು ಸಲ ಬಂತು: 2002ರಲ್ಲಿ ರವದಿಯಿಂದ ಇದ್ದಿಲು ಮಾಡಿದ್ದಕ್ಕೆ, 2006ರಲ್ಲಿ ಅಡುಗೆಮನೆಯ ಕಸದಿಂದ ಗ್ಯಾಸ್ ತೆಗೆದದ್ದಕ್ಕೆ. ಯಾವುದನ್ನು ಸುಡಬೇಕು, ಯಾವುದನ್ನು ಕೊಳೆಸಬೇಕು ಎಂಬುದು ಅವರಿಗೆ ಗೊತ್ತಿತ್ತು! ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಮಾತ್ರ ಬೇರೆ ಜಾತಿ. ಅರೆದ ಕಬ್ಬಿನ ಶೇ. 3–4ರಷ್ಟು ಬರುವ ಈ ಕಪ್ಪು ರಾಡಿ ಸುಮಾರು 25 ಟನ್ ಇದ್ದರೆ, ಶುದ್ಧೀಕರಿಸಿ ಒತ್ತಿದ ಗ್ಯಾಸ್ 1 ಟನ್ ಸಿಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಗ್ಯಾಸನ್ನು ಉತ್ತೇಜಿಸುವ ‘ಸತತ್’ ಯೋಜನೆ ತಂದ ಮೇಲೆ ಕಾರ್ಖಾನೆಗಳ ಕಣ್ಣು ಪ್ರೆಸ್‌ಮಡ್ ಮೇಲೆ ಬಿದ್ದಿದೆ. ಆದರೆ ಕಬ್ಬು ಅರೆಯುವ ಹಂಗಾಮು ಕೆಲವೇ ತಿಂಗಳು. ಉಳಿದ ಕಾಲಕ್ಕೆಂದು ಬಯಲಲ್ಲಿ ರಾಶಿ ಹಾಕಿದರೆ ಅಲ್ಲೇ ಕೊಳೆತು, ಬರಬೇಕಾದ ಮೀಥೇನ್ ಗಾಳಿಗೆ ಹೋಗುತ್ತದೆ. ನನ್ನನ್ನು ಕೇಳಿದರೆ, ಮಳೆಗಾಲಕ್ಕೆ ಎಮ್ಮೆ ಸೆಗಣಿ, ಪೇಟೆಯ ಕೊಳೆತ ತರಕಾರಿ ಎಷ್ಟು ಸಿಕ್ಕೀತು ಎಂದು ಮೊದಲು ಎಣಿಸಿ, ಆಮೇಲೆ ತೊಟ್ಟಿಯ ಅಳತೆ ಹಾಕಬೇಕು.