ಕಾವೇರಿಯ ನೀರೊಳಗಿನ ಸಸ್ಯಗಳ ಸಮೀಕ್ಷೆ ಕೋರಿ ಮನವಿ ಪತ್ರ

ಗೆ,
ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ಜೀವವೈವಿಧ್ಯ ಮಂಡಳಿ, ಬೆಂಗಳೂರು.

ಇಂದ,
ಶ್ರೀರಂಗಪಟ್ಟಣ ಮತ್ತು ತಿ. ನರಸೀಪುರ ತಾಲ್ಲೂಕುಗಳ ನದಿದಂಡೆಯ ಮೀನುಗಾರರು, ರೈತರು, ಶಿಕ್ಷಕರು.

ವಿಷಯ: ಕಾವೇರಿ ಮತ್ತು ಅದರ ಉಪನದಿಗಳಲ್ಲಿ ನೀರೊಳಗೆ ಬೆಳೆಯುವ ಸಸ್ಯಗಳನ್ನು ಪ್ರತಿವರ್ಷ ಸಮೀಕ್ಷೆ ಮಾಡುವ ಬಗ್ಗೆ.

ಮಾನ್ಯರೇ,

ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಇಂದು ಎಷ್ಟು ಅಡಿ, ಒಳಹರಿವು ಎಷ್ಟು ಕ್ಯೂಸೆಕ್ ಎಂಬುದು ನಮ್ಮ ಊರಿನ ಟೀ ಅಂಗಡಿಯಲ್ಲೂ ಗೊತ್ತು. ಮಾಲಿನ್ಯ ನಿಯಂತ್ರಣ ಮಂಡಳಿಯವರು ನೀರಿನ ಮಾದರಿ ತೆಗೆದು ಕರಗಿದ ಆಮ್ಲಜನಕ, ಬಿಒಡಿ, ಕೋಲಿಫಾರ್ಮ್ ಪರೀಕ್ಷಿಸುತ್ತಾರೆ. ನದಿಯ ತಳದಲ್ಲಿ ಬೇರೂರಿದ ಗಿಡಗಳ ಲೆಕ್ಕವೂ ಇದೇ ಶಿಸ್ತಿನಿಂದ ನಡೆಯಬೇಕು ಎಂಬುದು ನಮ್ಮ ಬೇಡಿಕೆ. ಬಾಟಲಿಯ ನೀರು ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ತಳದ ಗಿಡವಾದರೋ ಇಡೀ ಋತುವಿನ ಬೆಳಕು, ಕೆಸರು, ಗೊಬ್ಬರದ ನೀರು ಎಲ್ಲವನ್ನೂ ಉಂಡು ಬದುಕಬೇಕು.

ಈ ಗಿಡಗಳನ್ನೆಲ್ಲ ಒಟ್ಟಿಗೆ ಪಾಚಿ, ಕಳೆ ಎಂದು ತಳ್ಳಿಹಾಕುವ ರೂಢಿ ಬಿಡಬೇಕು. ವ್ಯಾಲಿಸ್ನೇರಿಯಾ ಎಂಬ ಗಿಡವನ್ನೇ ನೋಡಿ. ರಿಬ್ಬನ್ನಿನಂಥ ಎಲೆಗಳು ಹರಿವಿಗೆ ಬಾಗಿ ನಿಂತಿರುತ್ತವೆ. ಹೆಣ್ಣು ಹೂವು ನೂಲಿನಂಥ ತೊಟ್ಟಿನ ಮೇಲೆ ನೀರಿನ ಮಟ್ಟಕ್ಕೆ ಏರುತ್ತದೆ, ಗಂಡು ಹೂವು ಬುಡದಿಂದ ಕಳಚಿ ಮೇಲೆ ತೇಲಿ ಬಂದು ಅದನ್ನು ಸೇರುತ್ತದೆ. ಪರಾಗಸ್ಪರ್ಶದ ನಂತರ ತೊಟ್ಟು ಸುರುಳಿ ಸುತ್ತಿಕೊಂಡು ಕಾಯನ್ನು ಕೆಳಗೆಳೆದುಕೊಳ್ಳುತ್ತದೆ. ಇಂಥ ಗಿಡಗಳ ನಡುವೆ ಮೀನಿನ ಮರಿ, ಸೀಗಡಿ, ಬಸವನಹುಳು ಆಸರೆ ಪಡೆಯುತ್ತವೆ. ಬೇರುಗಳು ಹೂಳನ್ನು ಹಿಡಿದಿಡುತ್ತವೆ. ಮರಳು ತೆಗೆದು ನೀರು ರಾಡಿಯಾದರೆ, ಇಲ್ಲವೇ ಮೇಲೆ ವಾಟರ್ ಹಯಸಿಂತ್ ಕಳೆ ಹಾಸಿಕೊಂಡರೆ, ತಳಕ್ಕೆ ಬೆಳಕು ಸಿಗದೆ ಇವು ಸಾಯುತ್ತವೆ. ಹಾಗೆಂದು ಇರುವ ಗಿಡವನ್ನೆಲ್ಲ ಉಳಿಸಿ ಎಂದು ನಾವು ಕೇಳುತ್ತಿಲ್ಲ. ಹೈಡ್ರಿಲ್ಲಾ ಎಂಬ ಗಿಡವೊಂದೇ ದಟ್ಟವಾಗಿ ತುಂಬಿಕೊಂಡರೆ ಅದೂ ಒಳ್ಳೆಯ ಲಕ್ಷಣವಲ್ಲ. ಯಾವುದು ಎಲ್ಲಿ ಹೆಚ್ಚಿತು, ಎಲ್ಲಿ ಇಲ್ಲವಾಯಿತು ಎಂಬುದು ವರ್ಷದಿಂದ ವರ್ಷಕ್ಕೆ ತಿಳಿಯಬೇಕು.

ಇಂಥ ಲೆಕ್ಕಕ್ಕೆ ಮಾದರಿಯೂ ಇದೆ. ಅಮೆರಿಕದ ಮಿಸಿಸಿಪಿ ನದಿಯ ಮೇಲ್ಭಾಗದಲ್ಲಿ 1988ರ ಬರದ ನಂತರ ವ್ಯಾಲಿಸ್ನೇರಿಯಾ ಭಾರಿ ಪ್ರಮಾಣದಲ್ಲಿ ಕುಸಿಯಿತು. ಅಲ್ಲಿ 1998ರಿಂದ ಪ್ರತಿ ಬೇಸಿಗೆಯಲ್ಲಿ ಒಂದೇ ಕ್ರಮದ ಸಮೀಕ್ಷೆ ನಡೆದಿದೆ: ಗೊತ್ತುಮಾಡಿದ ಜಾಗದಲ್ಲಿ ದೋಣಿ ನಿಲ್ಲಿಸಿ, ಸುತ್ತಲಿನ ಆರು ಕಡೆ ಉದ್ದ ಹಿಡಿಕೆಯ ಹಲ್ಲುಕುಂಟೆ ಎಳೆದು, ಸಿಕ್ಕ ಗಿಡಗಳ ಜಾತಿ ಮತ್ತು ಪ್ರಮಾಣ ಬರೆದುಕೊಳ್ಳುತ್ತಾರೆ. ಹರಿಗೋಲು, ಹಲ್ಲುಕುಂಟೆ ನಮ್ಮಲ್ಲೂ ಇವೆ. ಕೊರತೆ ಇರುವುದು ಆದೇಶ ಮತ್ತು ಅನುದಾನದ್ದು.

ಆದ್ದರಿಂದ ಮುಂಗಾರು ಕಳೆದು ನೀರು ತಿಳಿಯಾದ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಮತ್ತೊಮ್ಮೆ, ಗುರುತಿಸಿದ ಸ್ಥಳಗಳಲ್ಲಿ ತಪ್ಪದೆ ಸಮೀಕ್ಷೆ ನಡೆಸಬೇಕು. ಹರಿಗೋಲು ನಡೆಸುವ ಮೀನುಗಾರರಿಗೆ ತರಬೇತಿ ಕೊಟ್ಟು, ದಿನಗೂಲಿ ಕೊಟ್ಟೇ ಕೆಲಸಕ್ಕೆ ತೆಗೆದುಕೊಳ್ಳಬೇಕು. ನದಿಯ ತಳ ಅವರಷ್ಟು ಬಲ್ಲವರಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಈ ಸಸ್ಯಗಳಿಗೂ ಪುಟ ಇರಬೇಕು, ಫಲಿತಾಂಶ ಕನ್ನಡದಲ್ಲಿ ಪ್ರಕಟವಾಗಬೇಕು. ಹೂಳೆತ್ತುವ, ಕಳೆ ತೆಗೆಯುವ ಯಂತ್ರ ನದಿಗಿಳಿಯುವ ಮುನ್ನ ಆ ಜಾಗದ ಸಮೀಕ್ಷೆ ಕಡ್ಡಾಯವಾಗಲಿ.

ರಂಗನತಿಟ್ಟು 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವಾಯಿತು. ಅಲ್ಲಿಂದ ಕಪಿಲೆ ಕೂಡುವ ತಿರುಮಕೂಡಲಿನವರೆಗಿನ ಹರಿವಿನಲ್ಲಿ ಮೊದಲ ಸಮೀಕ್ಷೆಯನ್ನು ಈ ಮಳೆಗಾಲ ಮುಗಿದ ಕೂಡಲೇ ಆರಂಭಿಸಲು ಆದೇಶ ಹೊರಡಿಸಬೇಕೆಂದು ವಿನಂತಿಸುತ್ತೇವೆ.


ತಮ್ಮ ವಿಶ್ವಾಸಿಗಳು