ಸೊಳ್ಳೆಯೊಡಲಿನ ಮುನ್ಸೂಚನೆ: ಓದುವ ವ್ಯವಸ್ಥೆ ಎಷ್ಟು ಸಜ್ಜು?

2023ರ ಅಕ್ಟೋಬರ್ ಅಂತ್ಯದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟ ಏಕಾಏಕಿ ರಾಜ್ಯದ ಗಮನ ಸೆಳೆಯಿತು. ಅಲ್ಲಿ ಸಂಗ್ರಹಿಸಿದ್ದ ಸೊಳ್ಳೆಗಳ ಮಾದರಿಯಲ್ಲಿ ಝಿಕಾ ವೈರಾಣು ಪತ್ತೆಯಾಗಿತ್ತು. ಆರೋಗ್ಯ ಇಲಾಖೆ ಗ್ರಾಮದ ಸುತ್ತ ಕಟ್ಟೆಚ್ಚರ ವಹಿಸಿ, ಗರ್ಭಿಣಿಯರ ಹಾಗೂ ಜ್ವರಪೀಡಿತರ ರಕ್ತದ ಮಾದರಿಗಳನ್ನು ಪರೀಕ್ಷೆಗೆ ಕಳುಹಿಸಿತು. ಸಾಮಾನ್ಯವಾಗಿ ರೋಗಿ ಆಸ್ಪತ್ರೆಗೆ ಬಂದ ಬಳಿಕ ವೈರಾಣುವಿನ ಹುಡುಕಾಟ ಆರಂಭವಾಗುತ್ತದೆ. ಇಲ್ಲಿ ಮಾತ್ರ ಸೊಳ್ಳೆಯೇ ಮೊದಲು ಸುಳಿವು ನೀಡಿತು. ಈ ವ್ಯತ್ಯಾಸದಲ್ಲಿ ದೊಡ್ಡದೊಂದು ಪಾಠ ಅಡಗಿದೆ.

ಝಿಕಾದ ಚರಿತ್ರೆಯೇ ಆ ಪಾಠಕ್ಕೆ ಪೀಠಿಕೆ. 1947ರಲ್ಲಿ ಉಗಾಂಡಾದ ಎಂಟೆಬೆ ಸಮೀಪದ ಝಿಕಾ ಅರಣ್ಯದಲ್ಲಿ ವಿಜ್ಞಾನಿಗಳು ಹಳದಿ ಜ್ವರದ ಜಾಡು ಹಿಡಿಯಲು ಮಂಗಗಳನ್ನು ಪಂಜರಗಳಲ್ಲಿರಿಸಿದ್ದರು. ಜ್ವರ ಬಂದ ಮಂಗವೊಂದರ ರಕ್ತದಲ್ಲಿ ಸಿಕ್ಕಿದ್ದು ಹಳದಿ ಜ್ವರದ ವೈರಾಣುವಲ್ಲ, ಅದುವರೆಗೆ ಕಂಡರಿಯದ ಬೇರೊಂದು. ಮರುವರ್ಷ ಅದೇ ಕಾಡಿನ ಈಡಿಸ್ ಆಫ್ರಿಕಾನಸ್ ಸೊಳ್ಳೆಗಳಲ್ಲೂ ಅದು ಪತ್ತೆಯಾಯಿತು. ಮನುಷ್ಯರಲ್ಲಿ ಅದು ತರುತ್ತಿದ್ದುದು ಸೌಮ್ಯ ಜ್ವರವಾದ್ದರಿಂದ ದಶಕಗಳ ಕಾಲ ಹೆಚ್ಚಿನ ಗಮನ ಸೆಳೆಯಲಿಲ್ಲ. 2015ರಲ್ಲಿ ಬ್ರೆಜಿಲ್‌ನಲ್ಲಿ ಸಣ್ಣ ತಲೆಯ ಶಿಶುಗಳು ಹೆಚ್ಚಿನ ಸಂಖ್ಯೆಯಲ್ಲಿ ಜನಿಸತೊಡಗಿದಾಗ ಜಗತ್ತು ಬೆಚ್ಚಿತು. 2016ರ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ವೈರಾಣುವಿನ ಹೆಸರು ಗೊತ್ತಿತ್ತು, ಅದರ ಸ್ವಭಾವ ಗೊತ್ತಿರಲಿಲ್ಲ. ಶೋಧಕ್ಕೂ ಅರಿವಿಗೂ ನಡುವಿನ ಆ ಅಂತರಕ್ಕೆ ತೆತ್ತ ಬೆಲೆ ಅದು.

ಬಲೆಯಿಂದ ಪ್ರಯೋಗಾಲಯಕ್ಕೆ

ಡೆಂಗಿ, ಚಿಕೂನ್‌ಗುನ್ಯ, ಝಿಕಾ, ಜಪಾನೀಸ್ ಎನ್ಸೆಫಲೈಟಿಸ್ (ಮಿದುಳು ಜ್ವರ) ವೈರಾಣುಗಳೆಲ್ಲ ಆರ್‌ಎನ್‌ಎ ವರ್ಗಕ್ಕೆ ಸೇರಿದವು. ತಮ್ಮ ಪ್ರತಿಗಳನ್ನು ಮಾಡಿಕೊಳ್ಳುವಾಗ ಉಂಟಾಗುವ ತಪ್ಪುಗಳನ್ನು ಇವು ತಿದ್ದಿಕೊಳ್ಳುವುದು ಅಪರೂಪ. ಆದ್ದರಿಂದಲೇ ಬಹುಬೇಗ ರೂಪಾಂತರ ಹೊಂದುತ್ತವೆ. ಇವುಗಳ ಶೋಧ ಬಲು ತಾಳ್ಮೆಯ ಕೆಲಸ. ಬಲೆಗೆ ಬಿದ್ದ ಸೊಳ್ಳೆಗಳನ್ನು ಶೈತ್ಯ ಕೆಡದಂತೆ ಪ್ರಯೋಗಾಲಯಕ್ಕೆ ಸಾಗಿಸಬೇಕು. ಬಳಿಕ ಜಾತಿವಾರು ವಿಂಗಡಿಸಿ, ಸಣ್ಣ ಗುಂಪುಗಳಾಗಿ ಅರೆದು ಪರೀಕ್ಷಿಸಬೇಕು. ಅರೆದ ದ್ರವವನ್ನು ಜೀವಕೋಶಗಳ ಕೃಷಿಗೆ ಸೇರಿಸಿ ವೈರಾಣುವನ್ನು ಬೆಳೆಸುವುದು ಹಳೆಯ ಕ್ರಮ. ಇದರಲ್ಲಿ ಭಾರತದ ಕೊಡುಗೆ ಸ್ಮರಣೀಯ. 1952ರಲ್ಲಿ ಪುಣೆಯಲ್ಲಿ ಆರಂಭವಾದ ವೈರಾಣು ಸಂಶೋಧನಾ ಕೇಂದ್ರದಲ್ಲಿ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಕೆ.ಆರ್.ಪಿ. ಸಿಂಗ್ ಅವರು 1967ರಲ್ಲಿ ಈಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯ ಮರಿಗಳಿಂದ ಜೀವಕೋಶ ಸರಣಿ ರೂಪಿಸಿದರು. ಅದರಿಂದ ಮುಂದೆ ಪಡೆದ ತಳಿಯನ್ನು ಇಂದಿಗೂ ವಿಶ್ವದ ಅನೇಕ ಪ್ರಯೋಗಾಲಯಗಳು ಬಳಸುತ್ತಿವೆ.

ಈಗ ವೈರಾಣುವನ್ನು ಬೆಳೆಸದೆಯೂ ಮಾದರಿಯಲ್ಲಿರುವ ಸಮಸ್ತ ಆರ್‌ಎನ್‌ಎಯನ್ನು ಯಂತ್ರದಿಂದ ಓದಿಸಬಹುದು. ಇದರ ಫಲವಾಗಿ ಹಿಂದೆಂದೂ ಕೇಳದ ವೈರಾಣುಗಳು ರಾಶಿರಾಶಿಯಾಗಿ ಬೆಳಕಿಗೆ ಬರುತ್ತಿವೆ. ಹಾಗೆಂದು ಗಾಬರಿಪಡಬೇಕಿಲ್ಲ. ಇವುಗಳಲ್ಲಿ ಬಹಳಷ್ಟು ಕೀಟಗಳಿಗಷ್ಟೇ ಸೀಮಿತ; ಮನುಷ್ಯನ ಜೀವಕೋಶದಲ್ಲಿ ಬೆಳೆಯಲಾರವು. ಸಿಕ್ಕ ಆರ್‌ಎನ್‌ಎ ಸೊಳ್ಳೆ ಹೀರಿದ ರಕ್ತದ್ದಾಗಿರಬಹುದು ಅಥವಾ ಸೊಳ್ಳೆಯ ದೇಹದಲ್ಲಿರುವ ಶಿಲೀಂಧ್ರದ ವೈರಾಣುವಿನದಾಗಿರಬಹುದು. ಆದ್ದರಿಂದ ಅನುಕ್ರಮ ಸಿಕ್ಕಮಾತ್ರಕ್ಕೆ ಅಪಾಯ ಸಾಬೀತಾಗುವುದಿಲ್ಲ. ವೈರಾಣು ಸೊಳ್ಳೆಯಲ್ಲಿ ವೃದ್ಧಿಯಾಗುತ್ತದೆಯೇ, ಜೊಲ್ಲುಗ್ರಂಥಿಯನ್ನು ತಲುಪುತ್ತದೆಯೇ, ಪ್ರಾಣಿಗಳಿಗೆ ಸೋಂಕು ತಗಲಿಸುತ್ತದೆಯೇ ಎಂಬ ಪ್ರಶ್ನೆಗಳಿಗೆ ಪ್ರಯೋಗಗಳೇ ಉತ್ತರ ಹೇಳಬೇಕು.

ಈ ಗುಣನಿರ್ಧಾರ ಎಷ್ಟು ಮುಖ್ಯ ಎಂಬುದನ್ನು ಚಿಕೂನ್‌ಗುನ್ಯ ತೋರಿಸಿಕೊಟ್ಟಿದೆ. 2006ರಲ್ಲಿ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಅಧಿಕ ಶಂಕಿತ ಪ್ರಕರಣಗಳು ವರದಿಯಾದವು. ಅದೇ ಅವಧಿಯಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ವೈರಾಣುವಿನ ಹೊರಕವಚದ ಪ್ರೊಟೀನ್‌ನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿದ್ದುದು ಕಂಡುಬಂತು. ಆ ಬದಲಾವಣೆಯಿಂದ ವೈರಾಣು ಈಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯಲ್ಲಿ ಸಲೀಸಾಗಿ ನೆಲೆಯೂರತೊಡಗಿತು. 2007ರಲ್ಲಿ ಕೇರಳದಲ್ಲೂ ಇದೇ ರೂಪಾಂತರ ಪತ್ತೆಯಾಯಿತು. ಊರೊಳಗಿನ ನೀರಿನ ತೊಟ್ಟಿಗಳ ಜತೆಗೆ ರಬ್ಬರ್ ತೋಟದ ಚಿಪ್ಪುಗಳತ್ತಲೂ ನಿಯಂತ್ರಣದ ಗಮನ ಹರಿಯಬೇಕಾಯಿತು. ವೈರಾಣುವಿನ ಗುಣ ತಿಳಿಯದೆ ಎಲ್ಲಿ ಔಷಧ ಸಿಂಪಡಿಸಬೇಕು ಎಂಬುದೂ ತಿಳಿಯದು.

ಕಾಲವೇ ನಿರ್ಣಾಯಕ

ಮತ್ತೆ ಶಿಡ್ಲಘಟ್ಟಕ್ಕೆ ಬರುವುದಾದರೆ, ತಲಕಾಯಲಬೆಟ್ಟದ ಸೊಳ್ಳೆಗಳನ್ನು ಸಂಗ್ರಹಿಸಿದ್ದು ಆಗಸ್ಟ್‌ನಲ್ಲಿ, ಫಲಿತಾಂಶ ಹೊರಬಿದ್ದದ್ದು ಅಕ್ಟೋಬರ್‌ನಲ್ಲಿ. ವಯಸ್ಕ ಈಡಿಸ್ ಸೊಳ್ಳೆಯ ಆಯುಷ್ಯ ಕೆಲವೇ ವಾರಗಳದ್ದು. ಅನುಕೂಲಕರ ವಾತಾವರಣದಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಹತ್ತು ದಿನ ಸಾಕು. ಎಂದರೆ ವರದಿ ಕೈಸೇರುವ ಹೊತ್ತಿಗೆ ಅಲ್ಲಿ ಹಾರುತ್ತಿದ್ದುದು ಬೇರೆಯೇ ತಲೆಮಾರು. ಸೊಳ್ಳೆ ನೀಡುವ ಮುನ್ಸೂಚನೆಯ ಸಾರ್ಥಕತೆ ವೇಗದಲ್ಲಿದೆ. ಅದು ತಡವಾದರೆ ಮುನ್ಸೂಚನೆಯೂ ಕೇವಲ ದಾಖಲೆಯಾಗಿ ಉಳಿದುಬಿಡುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಉತ್ಪತ್ತಿಗೆ ಎಡೆಮಾಡಿಕೊಡುವವರಿಗೆ ದಂಡ ವಿಧಿಸುವ ನಿಯಮ ತಂದಿತು. ಅದು ಅಗತ್ಯವಾದ ಕ್ರಮವೇ. ಆದರೆ ದಂಡದ ರಸೀದಿಯಿಂದ ವೈರಾಣು ಪತ್ತೆಯಾಗದು. ಸೊಳ್ಳೆಯ ಜಾತಿ ಗುರುತಿಸಬಲ್ಲ ಕೀಟತಜ್ಞರು, ರೋಗವಿಲ್ಲದ ತಿಂಗಳುಗಳಲ್ಲೂ ಬಲೆ ಹಾಕುವ ಶಿಸ್ತು, ವಾರದೊಳಗೆ ಫಲಿತಾಂಶ ನೀಡಬಲ್ಲ ಪ್ರಯೋಗಾಲಯ ಹಾಗೂ ಆ ಫಲಿತಾಂಶವನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ ಕೂಡಲೇ ತಲುಪಿಸುವ ವ್ಯವಸ್ಥೆ ಜತೆಗೂಡಿದಾಗಲೇ ಕಣ್ಗಾವಲು ಪೂರ್ಣವಾದೀತು. ಝಿಕಾ ವಿಷಯದಲ್ಲಿ ವಿಳಂಬದ ಹೊರೆ ಹೊರುವವರು ಇನ್ನೂ ಹುಟ್ಟದ ಶಿಶುಗಳು. ತಲಕಾಯಲಬೆಟ್ಟದ ಸೊಳ್ಳೆ ರಾಜ್ಯಕ್ಕೆ ಒಮ್ಮೆ ಮುಂಚಿತವಾಗಿಯೇ ಎಚ್ಚರಿಕೆ ನೀಡಿತು. ಮುಂದಿನ ಎಚ್ಚರಿಕೆಯನ್ನು ಸಕಾಲದಲ್ಲಿ ಓದಿಕೊಳ್ಳುವ ಸಿದ್ಧತೆ ಆಡಳಿತದ ಹೊಣೆ.